ರಕ್ಕಸನ ಹೆಸರಿಗೆ ಸೇರಿದ ಒಂದು ಉಸಿರು

ನಾನು ಹುಟ್ಟಿ ಬೆಳೆದದ್ದು ರಾಯದುರ್ಗದಲ್ಲಿ, ಬೆಟ್ಟದ ಬುಡದ ಓಣಿಯಲ್ಲಿ. ಅಪ್ಪ ಬೋರ್ಡು ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದ. ಆಗ ನಮ್ಮ ಕಡೆಯೆಲ್ಲ ಮದ್ರಾಸಿನ ಆಡಳಿತ. ಕಚೇರಿಯ ಮಾತು ತೆಲುಗು, ಮನೆಯ ಮಾತು ಕನ್ನಡ, ಸಂತೆಯಲ್ಲಿ ಯಾವುದು ಮೊದಲು ಬಾಯಿಗೆ ಬಂತೋ ಅದು. ಅಪ್ಪನಿಗೆ ಮಾತುಗಳನ್ನು ಬಿಡಿಸಿ ನೋಡುವ ಚಾಳಿ. ಊಟಕ್ಕೆ ಕೂತಾಗಲೂ ಸಾರು, ಸೌಟು ಏನಾದರೊಂದರ ಹೆಸರು ಹಿಡಿದು, ಇದು ಎಲ್ಲಿಂದ ಬಂತು ಗೊತ್ತೇನು ಎಂದು ಕೇಳುತ್ತಿದ್ದ. ಅವ್ವ ಬೇಸತ್ತು, “ಮೊದಲು ತಿನ್ರಿ, ಆಮ್ಯಾಲ ಬಿಡಿಸ್ರಿ” ಎನ್ನುತ್ತಿದ್ದಳು.

ನಾನು ಬಹಳ ಪುಕ್ಕಲು ಹುಡುಗಿ. ದೀಪ ಹಚ್ಚಿದ ಮೇಲೆ ಹಿತ್ತಲ ಬಾಗಿಲ ಕಡೆ ತಲೆ ಹಾಕುತ್ತಿರಲಿಲ್ಲ. ಅಪ್ಪ ನನ್ನ ಹೆದರಿಕೆ ಬಿಡಿಸಲೂ ಅದೇ ದಾರಿ ಹಿಡಿದ.

“ದೆವ್ವ ಅಂದ್ರ ಏನವ್ವ? ದೈವ ಅನ್ನೋ ಮಾತೇ ಬಾಯಿಂದ ಬಾಯಿಗೆ ಬಿದ್ದು ದೆವ್ವ ಆಗೈತಿ. ಭೂತ ಅಂದ್ರ ಆಗಿಹೋದದ್ದು. ಆಗಿಹೋದದ್ದಕ್ಕ ಯಾಕ ಹೆದರ್ತಿ?”

ರಾಕ್ಷಸ ಎಂಬ ಮಾತಿನೊಳಗೆ ರಕ್ಷಿಸು ಎಂಬ ಮಾತಿದೆ ಎಂದೂ ಅವನೇ ಹೇಳಿದ್ದು. ಯಾರಿಂದ ನಮ್ಮನ್ನು ಕಾಪಾಡಿಕೊಳ್ಳಬೇಕೋ ಅವನು ರಾಕ್ಷಸ ಎಂದು ಕೆಲವರು, ಏನನ್ನೋ ಕಾಯುತ್ತ ಕೂತವನು ಎಂದು ಇನ್ನು ಕೆಲವರು. ಅಸುರ ಎಂಬುದರಲ್ಲಿ ಅಸು ಇದೆ. ಅಸು ಎಂದರೆ ಪ್ರಾಣ. ಅಪ್ಪ ಇದನ್ನೆಲ್ಲ ಬೆಲ್ಲ ಹಂಚಿದ ಹಾಗೆ ಹಂಚುತ್ತಿದ್ದ. ನನಗೆ ಮಾತ್ರ ಹೆದರಿಕೆ ಹೋಗಲಿಲ್ಲ. ಹಿತ್ತಲಲ್ಲಿ ಇದ್ದದ್ದು ಮಾತಿನೊಳಗೂ ಬಂದು ಕೂತಂತಾಯಿತು. ಯಾವ ಹೆಸರು ಕಿವಿಗೆ ಬಿದ್ದರೂ ಇದರೊಳಗೆ ಏನಿದೆಯೋ ಎಂದು ಮನಸ್ಸು ತಡಕಾಡುತ್ತಿತ್ತು.

ನನ್ನನ್ನು ಕೊಟ್ಟದ್ದು ಮಡಕಶಿರಾ ತಾಲ್ಲೂಕಿಗೆ, ಅಗಳಿ ಹತ್ತಿರದ ಒಂದು ಹಳ್ಳಿಗೆ. ಅದೂ ಮದ್ರಾಸಿನ ಆಡಳಿತವೇ ಆದರೂ ಮಾತಿನ ಧಾಟಿ ಬೇರೆ. ನಾನು “ಬರ್ರಿ”, “ಹೌದ್ರಿ” ಎಂದರೆ ಬಾವಿಕಟ್ಟೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ರಾಗಿ, ಕಡ್ಲೆಕಾಯಿ ಬೆಳೆಯುವ ಮನೆ. ಮಾವ ಬೇಸಾಯದ ಜೊತೆಗೆ ಊರಿನ ಬಯಲಾಟದ ಮೇಳಕ್ಕೆ ಭಾಗವತರು; ಪದ ಹಾಡುವುದು, ಆಟ ಕಲಿಸುವುದು, ವೇಷ ಹಂಚುವುದು ಎಲ್ಲ ಅವರದೇ. ನನ್ನ ಗಂಡ ಅವರ ಒಬ್ಬನೇ ಮಗ. ಹೊಲದ ಈ ಬದುವಿನಿಂದ ಕೂಗಿದರೆ ಕೆರೆ ಏರಿಯ ಮೇಲಿದ್ದವರು ತಿರುಗಿ ನೋಡುತ್ತಿದ್ದರು, ಅಂಥ ದನಿ. ಹಾಗಾಗಿ ಮೇಳದಲ್ಲಿ ರಕ್ಕಸನ ವೇಷ ಯಾವಾಗಲೂ ಅವರಿಗೇ. ಮದುವೆಯಾದ ಮೊದಲ ವರ್ಷ ಅವರು ತೆರೆಯ ಹಿಂದಿನಿಂದ ಅಬ್ಬರಿಸಿದ್ದನ್ನು ಕೇಳಿ ನಾನು ಪಕ್ಕದಲ್ಲಿದ್ದ ಅತ್ತೆಯ ತೋಳು ಹಿಡಿದುಕೊಂಡಿದ್ದೆ. ಮನೆಯಲ್ಲಿ ಅವರು ಮೆತ್ತನೆಯ ಮನುಷ್ಯ. ನನಗೆ ಮುಳ್ಳು ಚುಚ್ಚಿದರೆ ತಾವೇ ಸೂಜಿ ಹಿಡಿದು ತೆಗೆಯುವವರು.

ಯುದ್ಧದ ಕಾಲ. ಸೀಮೆಎಣ್ಣೆ ಸಿಗುವುದು ಕಷ್ಟವಾಗಿ ಎರಡು ವರ್ಷ ಆಟ ನಿಂತಿತ್ತು. ಮೂರನೆಯ ವರ್ಷ ಹೇಗಾದರೂ ಮಾಡಿ ಸುಗ್ಗಿಯ ನಂತರ ಆಡಿಸಲೇಬೇಕು ಎಂದು ಊರಿನವರು ಹಟ ಹಿಡಿದರು. ಮಾವ ಒಪ್ಪಿದರು. ಆದರೆ ಹಳೆಯ ಪ್ರಸಂಗ ಬೇಡ ಎಂದರು.

“ಹಳೇ ರಕ್ಕಸ್ರು ಊರೂರಲ್ಲೂ ಸತ್ತು ಸತ್ತು ಸುಸ್ತಾಗವ್ರೆ ಕಣ್ರಪ್ಪ. ಈ ಸಲ ನಂದೇ ಒಬ್ಬನ್ನ ಹುಟ್ಟುಸ್ತೀನಿ.”

ಹುಟ್ಟಿಸಿಯೂ ಬಿಟ್ಟರು. ಅವನ ಅಬ್ಬರ ಕೇಳಿದವರ ಕೈಕಾಲಿನ ಬಲ ಅಲ್ಲೇ ಉಡುಗಿಹೋಗುತ್ತದೆ. ರಾಜರು, ಸೇನಾಪತಿಗಳು ಎಲ್ಲ ಬೀಳುತ್ತಾರೆ. ಕೊನೆಗೆ ಅವನನ್ನು ಕೊಲ್ಲುವವಳು ಕುರಿ ಕಾಯುವ ಒಬ್ಬ ಮುದುಕಿ, ಏಕೆಂದರೆ ಅವಳಿಗೆ ಕಿವಿ ಕೇಳದು. ಅವನು ಬಾಯಿ ತೆರೆದು ನಿಂತಿರುವಾಗ ಅವಳು ಕುರಿ ಅಡ್ಡಗಟ್ಟುವ ದೊಣ್ಣೆಯಿಂದ ಒಂದು ಬಿಗಿಯುತ್ತಾಳೆ. ಈ ಕತೆಯನ್ನು ಮಾವ ಜಗಲಿಯ ಮೇಲೆ ಕೂತು ಹೇಳಿದಾಗ ಒಳಗಿದ್ದ ನಾನೂ ಅತ್ತೆಯೂ ನಕ್ಕಿದ್ದೆವು.

ಹೆಸರಿಗೆ ಮಾತ್ರ ಅವರು ಬಹಳ ತಿಣುಕಾಡಿದರು. ರಕ್ಕಸನ ಹೆಸರು ಬಾಯಿ ತುಂಬಬೇಕು, ಕೂಗಿದರೆ ಹಿಂದೆ ಮಲಗಿದ್ದ ಮಗು ಎದ್ದು ಅಳಬೇಕು ಎನ್ನುವುದು ಅವರ ಲೆಕ್ಕ. ವಯಸ್ಸಿನಲ್ಲಿ ಶಿರಾದ ಒಬ್ಬ ಶಾಸ್ತ್ರಿಗಳಿಂದ ನಿಸ್ವನ ಎಂಬ ಮಾತು ಕಲಿತಿದ್ದರಂತೆ. ದೊಡ್ಡ ಶಬ್ದ ಎಂದು ಅದರ ಅರ್ಥ. ನಿಸ್ವನಾಸುರ ಎಂದು ಹಾಡಿ ನೋಡಿದರು. ತಾಳ ಹಾಕಿ ಮತ್ತೆ ಹಾಡಿದರು.

“ಹಗುರಾಯ್ತು. ನಾಲಿಗೆ ಮೇಲೆ ಜಾರ್ತದೆ. ಮಧ್ಯದಲ್ಲಿ ಒಂದು ಉಸಿರು ಸೇರ್ಸಿದ್ರೆ ಗತ್ತು ಬತ್ತದೆ ನೋಡು,” ಎಂದು ಮಗನಿಗೆ ಹೇಳಿ, ಎದೆಯಾಳದಿಂದ “ನಿಃಸ್ವನಾಸುರ!” ಎಂದರು.

ನಾನು ಒಳಗೆ ಮೊರದಲ್ಲಿ ರಾಗಿ ಕೇರುತ್ತಿದ್ದೆ. ಕೈ ನಿಂತಿತು. ಮಾವ ಗತ್ತಿಗೆಂದು ಸೇರಿಸಿದ ಆ ಉಸಿರು, ಆ ವಿಸರ್ಗ, ಅರ್ಥವನ್ನೇ ಬುಡಮೇಲು ಮಾಡಿತ್ತು. ನಿಃ ಎಂದರೆ ಇಲ್ಲದ್ದು. ನಿಶ್ಶಬ್ದ ಎಂದರೆ ಹೇಗೆ ಶಬ್ದವಿಲ್ಲವೋ ಹಾಗೆ ನಿಃಸ್ವನ ಎಂದರೆ ದನಿಯಿಲ್ಲದವನು. ಊರಿಗೆಲ್ಲ ಕೇಳುವ ದನಿಯ ನನ್ನ ಗಂಡ ತಾನು ದನಿಯಿಲ್ಲದವನೆಂದು ರಂಗದ ಮೇಲೆ ನಿಂತು ಹೇಳಿಕೊಳ್ಳಬೇಕು. ಬಯಲಾಟದಲ್ಲಿ ಪಾತ್ರ ಬಂದ ಕೂಡಲೇ ಭಾಗವತರು ನೀವು ಯಾರು ಎಂದು ಕೇಳುತ್ತಾರೆ. ಪಾತ್ರ ತನ್ನ ಹೆಸರನ್ನು ತಾನೇ ಕೂಗಿ ಹೇಳಬೇಕು. ತಾಲೀಮು ನಡೆದಷ್ಟು ದಿನವೂ ಹೇಳಬೇಕು.

ಊಟದ ಹೊತ್ತಿಗೆ ಗಂಡನಿಗೆ ಮಾತ್ರ ಕೇಳುವ ಹಾಗೆ ಹೇಳಿದೆ.

“ಇದ್ರೆ ಇರ್ಲಿ ಬಿಡೆ,” ಎಂದು ನಕ್ಕರು. “ನಾನು ಒಂದು ಸಲ ಬಾಯಿ ಬಿಟ್ಮೇಲೆ ಯಾರಾದ್ರೂ ನನ್ನ ದನಿ ಇಲ್ದೋನು ಅಂತಾರಾ?”

“ಮಾವಗ ಒಂದು ಮಾತು ಹೇಳ್ರಿ. ಆ ಉಸಿರೊಂದು ತೆಗೆದ್ರ ಆತು.”

“ನಾನಾ? ಅಪ್ಪ ಕಟ್ಟಿರೋ ಪದಕ್ಕೆ ಕೈ ಹಾಕಿದ್ರೆ ತಾಳ ತಗಂಡು ತಲೆಗೇ ಹಾಕ್ತಾರೆ.”

ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಹೇಳದೆ ಇರಲೂ ಆಗದೆ ಅತ್ತೆಗೆ ಹೇಳಿದೆ. ಅತ್ತೆ ಸೀದಾ ಜಗಲಿಗೆ ಹೋಗಿ, “ಸೊಸೆ ಹೇಳ್ತಾಳೆ, ಹೆಸರು ಸರಿಯಿಲ್ವಂತೆ, ದನಿ ಇಲ್ದೋನು ಅಂತಾಗ್ತದಂತೆ” ಎಂದುಬಿಟ್ಟರು. ಮೇಳದ ನಾಲ್ಕು ಜನ ಅಲ್ಲೇ ಕೂತಿದ್ದರು. ಮಾವನ ಮುಖ ಸಣ್ಣದಾಗಿರಬೇಕು. ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದರು: “ರಾಯದುರ್ಗದ ಪಂಡಿತ್ರ ಮಗಳು, ಓದೋಳು. ಓದ್ಕೊಂಡಿರ್ಲಿ. ಆಟ ಕಟ್ಟೋನು ನಾನು.”

ಹೆಸರು ಹಾಗೆಯೇ ಉಳಿಯಿತು. ಅಂದಿನಿಂದ ಸಂಜೆಯ ತಾಲೀಮಿನ ಸದ್ದು ಗುಡಿಯ ಅಂಗಳದಿಂದ ಕೇಳಿಬಂದಾಗಲೆಲ್ಲ ನನ್ನ ಕಿವಿ ಅತ್ತಲೇ ಇರುತ್ತಿತ್ತು. ನನ್ನ ಗಂಡ ತಮ್ಮ ಹೆಸರು ಕೂಗುವ ಗಳಿಗೆ ಬರುವುದು ಮದ್ದಳೆಯ ಪೆಟ್ಟಿನಿಂದಲೇ ತಿಳಿಯುತ್ತಿತ್ತು. ಆಗ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕಾಯುತ್ತಿದ್ದೆ. ಹೆಸರು ಕೇಳಿದ ಮೇಲೆಯೇ ಮತ್ತೆ ಕೈ ಆಡುತ್ತಿತ್ತು.

ಕಡ್ಲೆಕಾಯಿ ಕೀಳುವ ಹೊತ್ತಿಗೆ ಅವರ ದನಿ ಒಡೆಯಿತು. ಹಗಲೆಲ್ಲ ಹೊಲದ ಧೂಳು, ಸಂಜೆಯೆಲ್ಲ ಅಬ್ಬರ; ಆಗದೆ ಏನು ಎಂದು ಎಲ್ಲರೂ ಅಂದರು. ಉಪ್ಪುನೀರಿನಲ್ಲಿ ಮುಕ್ಕಳಿಸಿದರು. ಮೆಣಸು ಜಜ್ಜಿ ಜೇನುತುಪ್ಪದಲ್ಲಿ ಕೊಟ್ಟೆ. ಜ್ಯೇಷ್ಠಮಧುವಿನ ಚೂರು ಬಾಯಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಒಂದೆರಡು ದಿನ ಸುಮಾರಾಗಿ, ಮತ್ತೆ ತಾಲೀಮಿಗೆ ಹೋಗಿ ಬಂದರೆ ಮೊದಲಿಗಿಂತ ಕೆಟ್ಟಿರುತ್ತಿತ್ತು. ಒಂದು ಬೆಳಿಗ್ಗೆ ಎತ್ತು ಬದು ದಾಟಿ ಪಕ್ಕದವರ ರಾಗಿಗೆ ಬಾಯಿ ಹಾಕಲು ಹೊರಟಿತು. ಅವರು ಕೂಗಲು ಬಾಯಿ ತೆರೆದರು. ಬರೀ ಗಾಳಿ ಬಂತು. ನಾನು ಬುತ್ತಿ ಹೊತ್ತುಕೊಂಡು ಅಲ್ಲೇ ಬರುತ್ತಿದ್ದೆ. ಅವರು ಮತ್ತೊಮ್ಮೆ ಬಾಯಿ ತೆರೆದದ್ದು ಕಂಡಿತು, ಕತ್ತಿನ ನರ ಉಬ್ಬಿದ್ದು ಕಂಡಿತು, ಏನೂ ಕೇಳಿಸಲಿಲ್ಲ. ಎತ್ತು ತನ್ನ ಪಾಡಿಗೆ ಮೇಯತೊಡಗಿತು. ಅವರು ನನ್ನ ಕಡೆ ತಿರುಗಿದಾಗ ಆ ಮುಖ ನೋಡಲಾಗದೆ ಬುತ್ತಿ ಇಳಿಸಿ ಎತ್ತಿನ ಹಿಂದೆ ಓಡಿದೆ.

ಮನೆಯಲ್ಲಿ ಅತ್ತೆ ಮೊದಲು ದೃಷ್ಟಿ ತೆಗೆದರು. ಆಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಕೊನೆಗೆ ನನ್ನ ಕಡೆ ತಿರುಗಿದರು.

“ನೀನು ಬಾಯಿ ಬಿಟ್ಟು ಅಂದಿದ್ದಕ್ಕೇ ಹಿಂಗಾಯ್ತು ಕಣಮ್ಮಿ. ಅದಕ್ಕೆ ಆ ಅರ್ಥ ಐತೆ ಅಂತ ಈ ಊರಲ್ಲಿ ಯಾರಿಗೆ ಗೊತ್ತಿತ್ತು? ಗೊತ್ತಿಲ್ದಿದ್ರೆ ಅದಾದ್ರೂ ಏನ್ಮಾಡ್ತಿತ್ತು?”

ಅವರು ಸಿಟ್ಟಿನಿಂದ ಬೈದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಅವರು ನಿಜವಾಗಿ ಕೇಳುತ್ತಿದ್ದರು, ನನಗೂ ಗೊತ್ತಿರಲಿಲ್ಲ. ಮುಚ್ಚಿದ್ದ ಗಡಿಗೆಯ ಬಾಯಿ ನಾನೇ ತೆಗೆದೆನೇ? ಬಾವಿಕಟ್ಟೆಯಲ್ಲಿ ಇನ್ನೊಂದು ಮಾತು ಕಿವಿಗೆ ಬಿತ್ತು. ಪಕ್ಕದ ಊರಿನಲ್ಲಿ ಒಬ್ಬನಿಗೆ ಹೀಗೆಯೇ ದನಿ ಹೋಗಿ, ಗಂಟಲಲ್ಲಿ ಗಡ್ಡೆ ಬೆಳೆದು, ಗಂಜಿ ಇಳಿಯದೆ ತೀರಿಕೊಂಡನಂತೆ. ಅಂದು ಮನೆಗೆ ಬಂದು ಗಂಡನ ಎದುರು ಅನ್ನ ಇಟ್ಟು, ತುತ್ತು ಇಳಿಯುವುದನ್ನೇ ನೋಡುತ್ತ ಕೂತೆ.

ರಾಯದುರ್ಗದಲ್ಲಿ ಅಪ್ಪನಿಗೆ ಪರಿಚಯದ ಒಬ್ಬ ಡಾಕ್ಟರಿದ್ದರು. ಅಲ್ಲಿಗೆ ಹೋಗೋಣ ಎಂದೆ. ಮೊದಲು ಹೇಮಾವತಿ ಊರಿನ ಗುಡಿಗೆ ಹೋಗಿ ಹರಕೆ ಕಟ್ಟಿಕೊಂಡು ಬಂದರೆ ಮಾತ್ರ ಬಿಡುತ್ತೇನೆ ಎಂದು ಅತ್ತೆ ಪಟ್ಟು ಹಿಡಿದರು. ಗಾಡಿ ಕಟ್ಟಿಕೊಂಡು ಮೂವರೂ ಹೋದೆವು. ಪೂಜಾರಿ ಏನು ತೊಂದರೆ ಎಂದು ಕೇಳಿದ. ಅತ್ತೆ, “ನನ್ನ ಮಗ ಒಂದು ವೇಷ ಕಟ್ದ ಸ್ವಾಮಿ, ಅದರ ಹೆಸರು...” ಎಂದು ಶುರುಮಾಡಿ ತಟ್ಟನೆ ತುಟಿ ಕಚ್ಚಿಕೊಂಡರು. ದೇವರ ಎದುರೂ ಆ ಹೆಸರು ಹೇಳಲು ಅವರಿಗೆ ಧೈರ್ಯ ಬರಲಿಲ್ಲ. ನನ್ನ ಗಂಡ ಕೈಮುಗಿದು ಕಂಬದ ಪಕ್ಕ ನಿಂತಿದ್ದರು. ಎಲ್ಲರೂ ಗಟ್ಟಿಯಾಗಿ ದೇವರ ಹೆಸರು ಹೇಳಿದಾಗ ಅವರ ತುಟಿ ಮಾತ್ರ ಆಡಿತು.

ಮರುದಿನ ನಾವಿಬ್ಬರೂ ಹೊರಟೆವು. ಆಗ ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕು. ಕಂಡಕ್ಟರು ನನ್ನ ಗಂಡನನ್ನು ಎಲ್ಲಿಗೆ ಎಂದು ತೆಲುಗಿನಲ್ಲಿ ಕೇಳಿದ. ಅವರು ಗಂಟಲು ಮುಟ್ಟಿ ತೋರಿಸಿ ಕೈಯಾಡಿಸಿದರು. ಅವನು ಕನ್ನಡದಲ್ಲಿ ಕೇಳಿದ. ಆಮೇಲೆ ಅವರ ತಲೆಯ ಮೇಲಿನಿಂದ ನನ್ನನ್ನು ನೋಡಿ, “ಮೂಗನಾ? ಹುಟ್ಟಾ ಹಿಂಗೇನಾ?” ಎಂದ.

“ಅಲ್ರಿ, ಗಂಟಲು ನೋವೈತಿ,” ಎಂದೆ.

ಅವನು ತಲೆಯಾಡಿಸಿ ಮುಂದೆ ಹೋದ. ಆದರೆ ಕಲ್ಯಾಣದುರ್ಗ ಬರುವವರೆಗೂ ಸುತ್ತಲಿನವರು ನನ್ನ ಗಂಡನ ಬಗ್ಗೆ ನನ್ನನ್ನೇ ಕೇಳಿದರು, ಅವರು ಅಲ್ಲಿ ಇಲ್ಲವೇನೋ ಎಂಬಂತೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ದಿಣ್ಣೆಯಲ್ಲಿ ಬಸ್ಸು ನಿಂತಾಗ ಎಲ್ಲರಿಗಿಂತ ಮೊದಲು ಇಳಿದು ತಳ್ಳಿದರು. ಬಂದು ಕೂತಾಗ ನಾನು ಅವರ ಕೈಯನ್ನು ಸೆರಗಿನ ಕೆಳಗೆ ಹಿಡಿದುಕೊಂಡೆ.

ಅಪ್ಪ ಜಗಲಿಯ ಮೇಲೆಯೇ ಸಿಕ್ಕ. ಅಳಿಯನನ್ನು ನೋಡಿ, “ಬರ್ರಿ, ಬರ್ರಿ” ಎಂದು ಎದ್ದವನು, ಅವರು ಬರೀ ಕೈಮುಗಿದದ್ದನ್ನು ಕಂಡು ನನ್ನತ್ತ ತಿರುಗಿದ.

“ಯಾಕವ್ವ? ಏನಾತು?”

ಎಲ್ಲ ಹೇಳಿದೆ. ಹೆಸರನ್ನೂ ಹೇಳಿದೆ. ಅಪ್ಪ ಹಳೆಯ ಹುರುಪಿನಲ್ಲಿ, “ಹೌದು, ಹೌದು. ನಿ ಬ್ಯಾರೆ, ನಿಃ ಬ್ಯಾರೆ. ನೀ ತಿಳಿದದ್ದು ಸರಿ ಐತಿ” ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದ. ಅವ್ವ ಅಳಿಯನನ್ನು ಊಟಕ್ಕೆ ಒಳಗೆ ಕರೆದುಕೊಂಡು ಹೋದ ಮೇಲೆ ಕೇಳಿದೆ.

“ಅಪ್ಪ, ಹೆಸರಿಗೆ ಅಷ್ಟು ಶಕ್ತಿ ಇರ್ತದೇನು?”

“ಇಲ್ಲವ್ವ. ಧೂಳಿನಾಗ ದುಡಿದಾರ, ಕೂಗ್ಯಾರ, ಗಂಟಲು ಕೆಟ್ಟೈತಿ. ಅಷ್ಟ.”

“ಮತ್ತ ಗುಡುಗಿನಂಥ ದನಿ ಇದ್ದೋರಿಗೆ ಆ ಹೆಸರೇ ಯಾಕ ಬರಬೇಕಾಗಿತ್ತು?”

ಆ ದಿನದಿಂದ ಅಪ್ಪ ಆ ಹೆಸರನ್ನು ಒಮ್ಮೆಯೂ ಬಾಯಿಗೆ ತರಲಿಲ್ಲ ಎಂಬುದನ್ನು ನಾನು ಗಮನಿಸಿದೆ. “ಆ ವೇಷ”, “ನಿಮ್ಮ ಮಾವನೋರು ಕಟ್ಟಿದ ಆ ಪಾತ್ರ” ಎಂದೇ ಹೇಳುತ್ತಿದ್ದ. ಜಗತ್ತಿನ ಎಲ್ಲ ಮಾತುಗಳನ್ನೂ ಬಿಡಿಸಿ ಹರವುತ್ತಿದ್ದ ಮನುಷ್ಯ ಒಂದು ಮಾತನ್ನು ಬಳಸಿಕೊಂಡು ನಡೆಯುವುದನ್ನು ನೋಡಿದಾಗ ನನ್ನ ಹೆದರಿಕೆ ಎರಡರಷ್ಟಾಯಿತು.

ಡಾಕ್ಟರು ತೆಲುಗಿನವರು, ವಯಸ್ಸಾದವರು. ಹಣೆಗೆ ಗುಂಡನೆಯ ಕನ್ನಡಿ ಕಟ್ಟಿಕೊಂಡು, ಉದ್ದ ಹಿಡಿಯ ಇನ್ನೊಂದು ಪುಟ್ಟ ಕನ್ನಡಿಯನ್ನು ದೀಪದ ಉರಿಗೆ ಹಿಡಿದು ಬೆಚ್ಚಗೆ ಮಾಡಿ, ನನ್ನ ಗಂಡನ ನಾಲಿಗೆಯನ್ನು ಬಟ್ಟೆಯಿಂದ ಹಿಡಿದೆಳೆದು ಗಂಟಲೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಡಾಕ್ಟರ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಗೊತ್ತಾಗಲಿಲ್ಲ.

“ಊದಿಕೊಂಡಿದೆ. ಸಾಸಿವೆ ಕಾಳಿನಂಥ ಒಂದು ಗಂಟೂ ಇದೆ,” ಎಂದು ಅಪ್ಪನಿಗೆ ತೆಲುಗಿನಲ್ಲಿ ಹೇಳಿದರು. “ಕೆಟ್ಟ ಗಂಟು ಅಂತ ನನಗೆ ಅನ್ನಿಸುವುದಿಲ್ಲ. ಒಂದು ತಿಂಗಳು ಮಾತು ಪೂರ್ತಿ ನಿಲ್ಲಿಸಬೇಕು. ಕರಗದಿದ್ದರೆ ಮದ್ರಾಸಿಗೆ ಬರೆದುಕೊಡುತ್ತೇನೆ.”

ಆಮೇಲೆ ನನ್ನ ಗಂಡನ ಕಡೆ ಬೆರಳು ಮಾಡಿ, “ಮಾಟ ಬಂದ್. ಗುಸಗುಸ ಕೂಡಾ ವದ್ದು” ಎಂದರು. ಪಿಸುಮಾತೂ ಕೂಡದು ಎಂದರ್ಥ. ತೆಲುಗಿನಲ್ಲಿ ಮಾಟವೆಂದರೆ ಮಾತು. ನಮ್ಮಲ್ಲಿ ಮಾಟವೆಂದರೆ ಅತ್ತೆ ಅಂದದ್ದು. ಹುಟ್ಟಿದಾಗಿನಿಂದ ಎರಡೂ ನುಡಿ ಕೇಳಿದವಳು ನಾನು, ಆದರೂ ಆ ಕ್ಷಣ ಎರಡು ಅರ್ಥವೂ ಒಟ್ಟಿಗೆ ಕೇಳಿಸಿತು. ಕಾಯಿಲೆಗೆಂದು ಮದ್ರಾಸಿಗೆ ಹೋದವರಲ್ಲಿ ನಮ್ಮ ಓಣಿಗೆ ತಿರುಗಿ ಬಂದವರು ನನಗೆ ಯಾರೂ ಗೊತ್ತಿರಲಿಲ್ಲ.

ಹಳ್ಳಿಗೆ ಹೋದರೆ ಮಾತಾಡದೆ ಇರಲು ಯಾರೂ ಬಿಡುವುದಿಲ್ಲ ಎಂದು ಅಪ್ಪ ನಮ್ಮನ್ನು ಅಲ್ಲೇ ಉಳಿಸಿಕೊಂಡ. ಸುಮ್ಮನೆ ಕೂತು ಉಣ್ಣುವುದು ನನ್ನ ಗಂಡನಿಗೆ ಆಗದ ಮಾತು. ಅವ್ವನಿಗೆ ಸೌದೆ ಒಡೆದುಕೊಟ್ಟರು, ನೀರು ಸೇದಿದರು, ಹಿತ್ತಲ ಗೋಡೆ ಕಟ್ಟಿದರು. ಕೆಲಸದ ನಡುವೆ ಯಾವುದೋ ಪದ ನೆನಪಾಗಿ ಬಾಯಿ ತೆರೆಯುತ್ತಿದ್ದರು. ನಾನು ಎಲ್ಲಿದ್ದರೂ ಓಡಿಬಂದು ಕೈ ಅಡ್ಡ ಹಿಡಿಯುತ್ತಿದ್ದೆ. ಒಮ್ಮೆ ಅದಕ್ಕೆ ಸಿಟ್ಟಾಗಿ ನನ್ನ ಕೈಯನ್ನು ತಳ್ಳಿಬಿಟ್ಟರು. ಆಮೇಲೆ ಕೂತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಅಳುವಾಗಲೂ ಸದ್ದು ಬರಬಾರದೆಂದು ಅವರು ಉಸಿರು ಬಿಗಿಹಿಡಿದದ್ದನ್ನು ನಾನು ನೋಡಿದೆ.

ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಮಾವ ಬಂದರು. ಹೆಗಲ ಮೇಲೆ ಕಡ್ಲೆಕಾಯಿಯ ಚೀಲ, ಮೈಯೆಲ್ಲ ಇದ್ದಿಲಿನ ಮಸಿ. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಬಾಗಿಲ ಮರೆಗೆ ಸರಿದೆ. ಅಪ್ಪ ನೀರು ಕೊಟ್ಟು ಚಾಪೆ ಹಾಸಿದ. ಮಾವ ಮಗನ ಗಂಟಲ ಮೇಲೆ ಕೈಯಿಟ್ಟು ನೋಡಿದರು. ಎಳೆಗರುವಿನ ಕತ್ತು ಮುಟ್ಟಿದ ಹಾಗೆ ಮುಟ್ಟಿದರು. ಆಮೇಲೆ ಕೂತರು.

“ಪಂಡಿತ್ರೇ, ನಂಗೆ ಬರ್ತಾ ಇದ್ದಿದ್ದು ಒಂದೇ ವಿದ್ಯೆ. ಅದ್ರಲ್ಲೇ ನನ್ನ ಮಗನ ಕೊಂದ್ಬಿಟ್ನಾ?”

“ಹಂಗ ಅನಬ್ಯಾಡ್ರಿ, ಭಾಗವತರ,” ಎಂದ ಅಪ್ಪ. “ಡಾಕ್ಟರು ವಾಸಿ ಆಗ್ತದ ಅಂದಾರ.”

“ಮೇಳದೋರು ಆಟ ನಿಲ್ಸೋದು ಬೇಡ ಅಂತಾರೆ. ವೇಷಕ್ಕೆ ಬೇರೆಯೋನು ಒಪ್ಪವ್ನೆ. ಆ ಹೆಸರಾದ್ರೆ ಮಾತ್ರ ಒಲ್ಲೆ ಅಂತಾನೆ. ನೀವೇ ಒಂದು ಕೊಡಿ.”

ಅಪ್ಪ ಯೋಚಿಸಿ, ಆ ಉಸಿರೊಂದನ್ನು ತೆಗೆದುಬಿಡಿ, ಆಗ ದೊಡ್ಡ ಶಬ್ದ ಎಂದೇ ಆಗುತ್ತದೆ ಎಂದ. ಮಾವ ತಲೆಯಾಡಿಸಿದರು.

“ನನ್ನ ಕಿವಿಗೆ ಎರಡೂ ಒಂದೇ ಕೇಳ್ತಾವೆ ಸ್ವಾಮಿ. ಹಾಡೋ ರಭಸದಲ್ಲಿ ಉಸಿರು ಎಲ್ಲಿ ಹೋಯ್ತು ಎಲ್ಲಿ ಬಂತು, ಯಾರಿಗೆ ಗೊತ್ತಾಗ್ತದೆ?”

ಅಪ್ಪ ಇನ್ನೂ ನಾಲ್ಕಾರು ಹೆಸರು ಹೇಳಿದ. ಒಂದೊಂದು ಹೇಳಿದಾಗಲೂ ತಾನೇ ನಿಲ್ಲಿಸಿ, ಇದಕ್ಕೆ ಸಾವು ಎಂಬ ಅರ್ಥವೂ ಇದೆ, ಇದನ್ನು ಬೇರೆ ಕಡೆ ಬಿಡಿಸಿದರೆ ರೋಗ ಎಂದಾಗುತ್ತದೆ ಎಂದು ಬಿಟ್ಟುಬಿಟ್ಟ. ಅವನ ಹಣೆಯಲ್ಲಿ ಬೆವರು ಮೂಡಿತ್ತು. ಆಗ ಮಾವ ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. ಮದುವೆಯಾದಾಗಿನಿಂದ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

“ನೀನೇ ಹೇಳಮ್ಮ. ಮೊದ್ಲೇ ಹೇಳಿದ್ದೋಳು ನೀನು. ನಾನು ಕೇಳ್ಳಿಲ್ಲ.”

ಹೆಸರಿಲ್ಲದ ರಕ್ಕಸನನ್ನೇ ಆಡಿಸಬಾರದೇ ಎಂದು ಕೇಳಿದೆ. ಆಗದು, ಯಾರು ನೀನು ಎಂದು ಭಾಗವತ ಕೇಳಿದಾಗ ಅವನು ಏನಾದರೂ ಹೇಳಲೇಬೇಕಲ್ಲ ಎಂದರು. ಒಳಗೆ ಏನೂ ಅಡಗಿರದ ಹೆಸರು ಬೇಕಿತ್ತು, ಕುರಿ ಕಾಯುವವರೂ ಕೇಳಿದ ಕೂಡಲೇ ಪೂರ್ತಿ ತಿಳಿಯುವಂಥದ್ದು.

“ಗುಡುಗಾಸುರ ಅಂತ ಇಡ್ರಿ,” ಎಂದೆ.

“ಅಯ್ಯೋ!” ಎಂದ ಅಪ್ಪ. “ಅರಿಸಮಾಸ ಆತಲ್ಲವ್ವ! ಕನ್ನಡದ ಗುಡುಗಿಗೆ ಸಂಸ್ಕೃತದ ಅಸುರನ್ನ ಹೊಲೀತಾರೇನು?”

“ಏನ್ ಹಂಗಂದ್ರೆ?” ಎಂದರು ಮಾವ.

“ಎರಡು ನುಡಿ ಕೂಡಿಸಬಾರದ ಕಡೆ ಕೂಡಿಸಿದ್ರ ಅದಕ್ಕ ಅರಿಸಮಾಸ ಅಂತಾರ್ರಿ. ಅರಿ ಅಂದ್ರ ವೈರಿ.”

ಮಾವ ಒಂದು ಗಳಿಗೆ ಅಪ್ಪನನ್ನು ನೋಡಿ, ಗಟ್ಟಿಯಾಗಿ ನಕ್ಕುಬಿಟ್ಟರು. “ರಕ್ಕಸಂಗೆ ಇನ್ಯಾವ ಸಮಾಸ ಬೇಕು ಪಂಡಿತ್ರೇ? ವೈರಿ ಸಮಾಸನೇ ಆಗ್ಬೇಕು!” ಅಪ್ಪನೂ ನಕ್ಕ. ನನ್ನ ಗಂಡ ಬಾಯಿ ಮುಚ್ಚಿಕೊಂಡು ಭುಜ ಕುಣಿಸಿದರು. ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ನಾನು ಮಾತ್ರ ಒಳಗೆ ಹೋಗಿ ಗುಡುಗು, ಗುಡುಗು ಎಂದು ತುಟಿಯಲ್ಲೇ ಅಂದುಕೊಂಡು, ಅದರಲ್ಲಿ ಇನ್ನೇನಾದರೂ ಇದೆಯೇ ಎಂದು ಮತ್ತೆ ಮತ್ತೆ ಹುಡುಕಿದೆ.

ತಿಂಗಳು ಮುಗಿದ ಮೇಲೆ ಡಾಕ್ಟರು ಮತ್ತೆ ಕನ್ನಡಿ ಕಟ್ಟಿಕೊಂಡು ನೋಡಿದರು. ಊತ ಇಳಿದಿದೆ, ಗಂಟು ಸಣ್ಣದಾಗಿದೆ, ಮದ್ರಾಸು ಬೇಡ ಎಂದರು. “ಮೆಲ್ಲಗೆ ಏನಾದರೂ ಹೇಳು” ಎಂದರು. ನನ್ನ ಗಂಡ ನನ್ನನ್ನು ನೋಡಿದರು. ಹೇಳಲು ಹೆದರುತ್ತಿದ್ದಾರೆ ಎಂದು ನನಗೆ ತಿಳಿಯಿತು. ಕೊನೆಗೆ, “ಊರಿಗೆ ಹೋಗನ” ಎಂದರು. ಬಿದಿರು ಸೀಳಿದಂಥ, ಸಣ್ಣ, ಒರಟು ದನಿ. ಗುರುತೇ ಸಿಗಲಿಲ್ಲ. ನಾನು ಅಳುತ್ತ ಹೂಂ ಎಂದೆ.

ಆ ವರ್ಷ ಆಟ ಆಡಿದರು. ಪಕ್ಕದ ಓಣಿಯವನೊಬ್ಬ ರಕ್ಕಸನಾದ. ಭಾಗವತರು ಯಾರು ನೀನು ಎಂದು ಕೇಳಿದಾಗ ಅವನು ಗುಡುಗಾಸುರ ಎಂದು ಎದೆ ತಟ್ಟಿಕೊಂಡ. ಜನ ಹೋ ಎಂದು ಕೂಗಿದರು. ನನ್ನ ಗಂಡ ತೆರೆಯ ಪಕ್ಕ ಕೂತು ಅವನ ಕಿರೀಟದ ದಾರ ಸರಿಮಾಡಿ ಕಳಿಸಿದ್ದರು. ಅವನು ಅಬ್ಬರಿಸಿದಾಗಲೆಲ್ಲ ಅವರ ಕತ್ತಿನ ನರವೂ ಉಬ್ಬುತ್ತಿತ್ತು, ಬಾಯಿ ಮಾತ್ರ ಮುಚ್ಚಿಯೇ ಇತ್ತು. ಕುರಿಯ ಮುದುಕಿ ಅವನನ್ನು ಕೆಡಹುವ ಹೊತ್ತಿಗೆ ಮೂಡಲು ಕೆಂಪಾಗಿತ್ತು. ನಾನು ಮರುದಿನವೂ ಅದರ ಮರುದಿನವೂ ನೀರಿಗೆ ಹೋದಾಗ ಆ ವೇಷಧಾರಿಯ ಹೆಂಡತಿಯನ್ನು ಹುಡುಕಿಕೊಂಡು ಹೋಗಿ, ನಿಮ್ಮ ಯಜಮಾನರ ಗಂಟಲು ಹೇಗಿದೆ ಎಂದು ಕೇಳಿದೆ. ಚೆನ್ನಾಗೈತೆ ಕಣಕ್ಕ, ಯಾಕೆ ಎಂದಳು. ಸುಮ್ಮನೆ ಎಂದೆ.

ನನ್ನ ಗಂಡನ ಹಳೆಯ ದನಿ ತಿರುಗಿ ಬರಲಿಲ್ಲ. ಅವರು ಮುಂದೆ ಮದ್ದಳೆ ಕಲಿತರು, ಮೇಳ ಬಿಡಲಿಲ್ಲ. ಅತ್ತೆ ನನ್ನ ಮೇಲೆ ಹೊರಿಸಿದ ಮಾತನ್ನು ಮತ್ತೆ ಎತ್ತಲಿಲ್ಲ, ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಅವರು ಹೇಳಿದ್ದು ನಿಜವೋ ಸುಳ್ಳೋ ಎಂದು ನಾನು ತೀರ್ಮಾನಿಸಲಾರೆ. ಚಳಿಗಾಲದಲ್ಲಿ ನನ್ನ ಗಂಡ ಒಂದೆರಡು ಸಲ ಕೆಮ್ಮಿದರೆ ನನಗೆ ಕೂಳು ಸೇರುತ್ತಿರಲಿಲ್ಲ. ಜ್ಯೇಷ್ಠಮಧುವಿನ ಚೂರು ಯಾವಾಗಲೂ ನನ್ನ ಸೆರಗಿನ ಗಂಟಿನ ಒಳಗೆ ಇರುತ್ತಿತ್ತು. ಹೊಲದಲ್ಲಿ ಅವರು ಏನಾದರೂ ಹೇಳಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ಕಳೆ ಕೀಳುವುದನ್ನು ಬಿಟ್ಟು, ಸಾಲು ದಾಟಿಕೊಂಡು, ಅವರ ಬಾಯಿಯ ಹತ್ತಿರ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಬಹಳ ಸಲ ಅದು ನೀರು ತಾ ಎಂಬಷ್ಟೇ ಮಾತು.